ಹತ್ತನೇ ಸುತ್ತಿಗೆ ನಿಂತ ಹುಡುಗಿ: ನಮ್ಮ ಶಾಲೆಯ ಓಟದ ಪ್ರಕರಣ

ತೀರ್ಥಹಳ್ಳಿ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ಒಂದರಿಂದ ಏಳನೇ ತರಗತಿವರೆಗೆ 56 ಮಕ್ಕಳು. ಅರ್ಧದಷ್ಟು ಮಕ್ಕಳ ಮನೆಯಲ್ಲಿ ಸ್ವಲ್ಪವಾದರೂ ತೋಟ ಇದೆ. ಉಳಿದವರ ಅಪ್ಪ ಅಮ್ಮ ಆ ತೋಟಗಳಿಗೇ ಕೂಲಿಗೆ ಹೋಗುವವರು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದೆಲ್ಲ ಇದರಿಂದಲೇ. ಶಾಲೆಯ ಹೆಸರು, ಮಕ್ಕಳ ಹೆಸರು ಬರೆಯುತ್ತಿಲ್ಲ.

ನಮಗೆ ಬೇಕಾಗಿದ್ದದ್ದು ಪುಸ್ತಕ ಇಡಲು ಒಂದು ಒಣ ಜಾಗ. ಮಲೆನಾಡಿನ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್‌ನಲ್ಲಿ ಮರದ ಕಪಾಟಿನಲ್ಲಿಟ್ಟ ಪುಸ್ತಕವನ್ನು ಸೆಪ್ಟೆಂಬರ್‌ನಲ್ಲಿ ತೆಗೆದರೆ ಅಂಚಿಗೆಲ್ಲ ಬೂಷ್ಟು ಹಿಡಿದಿರುತ್ತದೆ. ಹಾಳೆ ಹಾಳೆ ಅಂಟಿಕೊಂಡಿರುತ್ತದೆ. ಒಂದು ವರ್ಷ 40ಕ್ಕೂ ಹೆಚ್ಚು ಕಥೆ ಪುಸ್ತಕಗಳನ್ನು ಹಾಗೇ ಕಳೆದುಕೊಂಡೆವು. ಎರಡು ಸ್ಟೀಲ್ ಬೀರು, ಮತ್ತೆ ಒಂದಷ್ಟು ಹೊಸ ಪುಸ್ತಕ. ಇಷ್ಟು ನಮ್ಮ ಆಸೆ.

ದುಡ್ಡು ಕೇಳುವುದು ಹೇಗೆ ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. 2022ರ ಅಕ್ಟೋಬರ್‌ನಲ್ಲಿ ಒಂದು ಸುತ್ತೋಲೆ ಬಂದಿತ್ತು, ನಿಮಗೂ ನೆನಪಿರಬಹುದು. ಸರ್ಕಾರಿ ಶಾಲೆಯ ಮಕ್ಕಳ ಪೋಷಕರಿಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ. ರಾಜ್ಯದ ತುಂಬ ವಿರೋಧ ಬಂತು. ಕೆಲವೇ ದಿನಗಳಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಆಗ ನಮ್ಮ ಊರಲ್ಲೂ ಮಾತು ಬಿಸಿಯಾಗಿತ್ತು. ಹಾಗಾಗಿ ಪೋಷಕರ ಮುಂದೆ ನೇರವಾಗಿ ಕೈ ಚಾಚುವುದು ಬೇಡ, ಮಕ್ಕಳು ಓಡಲಿ, ನೋಡಿದವರು ಖುಷಿಯಿಂದ ಕೊಡಲಿ ಅಂತ ನಾನೇ ಸಭೆಯಲ್ಲಿ ಹೇಳಿದೆ. ಎಲ್ಲರೂ ಒಪ್ಪಿದರು.

ನನಗೆ ಈ ಯೋಚನೆ ಹುಟ್ಟಿದ್ದು ಟೆರ್ರಿ ಫಾಕ್ಸ್ ಕಥೆಯಿಂದ. ಕೆನಡಾದ ಹುಡುಗ. 1977ರಲ್ಲಿ, 18ನೇ ವಯಸ್ಸಿನಲ್ಲಿ, ಮೂಳೆ ಕ್ಯಾನ್ಸರ್‌ನಿಂದ ಬಲಗಾಲು ಕಳೆದುಕೊಂಡ. ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಕೂಡಿಸಲು 1980ರ ಏಪ್ರಿಲ್ 12ರಂದು ದೇಶದ ಪೂರ್ವ ತುದಿಯಿಂದ ಕೃತಕ ಕಾಲಿನಲ್ಲಿ ಓಟ ಶುರು ಮಾಡಿದ. ಹೆಚ್ಚುಕಡಿಮೆ ದಿನಕ್ಕೊಂದು ಮ್ಯಾರಥಾನಿನಷ್ಟು ದೂರ. 143 ದಿನ, 5,373 ಕಿಲೋಮೀಟರ್. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತು ಅಂತ ಗೊತ್ತಾದಾಗ ನಿಲ್ಲಿಸಬೇಕಾಯಿತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡ. ವಯಸ್ಸು 22. ಇವತ್ತಿಗೂ ಅವನ ಹೆಸರಿನಲ್ಲಿ ಎಷ್ಟೋ ದೇಶಗಳ ಮಕ್ಕಳು ಓಡುತ್ತಾರೆ. ಈ ಕಥೆಯನ್ನು ಆರು, ಏಳನೇ ತರಗತಿಗೆ ಹೇಳಿದಾಗ ಒಬ್ಬರೂ ಮಿಸುಕಾಡಲಿಲ್ಲ.

ಆದರೆ ಆ ಕಥೆಯಲ್ಲಿ ಬಹಳ ಮುಖ್ಯವಾದ ಒಂದು ವಿಷಯವನ್ನು ನಾನೇ ಗಮನಿಸಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಓಟ

ಮೊದಲು ಅಂದುಕೊಂಡಿದ್ದು ಕಾಡಂಚಿನ ದಾರಿಯಲ್ಲಿ ಎರಡು ಕಿಲೋಮೀಟರ್ ಓಟ. ಚಂದದ ದಾರಿ, ಬೆಳಿಗ್ಗೆ ನೆರಳೂ ಇರುತ್ತದೆ. ನಮ್ಮ ಆಶಾ ಕಾರ್ಯಕರ್ತೆ ಕೇಳಿದ ತಕ್ಷಣ ಬೇಡ ಅಂದರು. ಫೆಬ್ರವರಿ ಅಂದರೆ ಮಂಗನ ಕಾಯಿಲೆಯ ಕಾಲ. ಡಿಸೆಂಬರ್‌ನಿಂದ ಮೇವರೆಗೆ ಉಣುಗಿನ ಕಾಟ ಜಾಸ್ತಿ, ಆ ಉಣುಗು ಕಚ್ಚಿಯೇ ಕಾಯಿಲೆ ಬರುವುದು. 1957ರಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಇಂಗ್ಲಿಷಿನಲ್ಲಿ ಅದಕ್ಕೆ ಆ ಕಾಡಿನ ಹೆಸರೇ ಇದೆ. ಗೊತ್ತಿದ್ದೂ ನನಗೆ ಆ ಹೊತ್ತಿಗೆ ಹೊಳೆದಿರಲಿಲ್ಲ. ಅವರು ಹೇಳಿದ್ದು ಒಳ್ಳೆಯದಾಯಿತು. ಓಟವನ್ನು ಶಾಲೆಯ ಮೈದಾನಕ್ಕೇ ತಂದೆವು. ಹಗ್ಗ ಹಿಡಿದು ಅಳೆದು, ಸುಣ್ಣದ ಪುಡಿ ಹಾಕಿ 150 ಮೀಟರ್‌ನ ಒಂದು ಸುತ್ತು ಮಾಡಿದೆವು.

ಪ್ರತಿ ಮಗುವಿಗೂ ಒಂದು ಸ್ಪಾನ್ಸರ್ ಚೀಟಿ ಕೊಟ್ಟೆವು. ಒಂದು ಸುತ್ತಿಗೆ ಇಷ್ಟು ರೂಪಾಯಿ ಅಂತ ಮನೆಯವರು, ನೆಂಟರು, ಅಂಗಡಿಯವರು ಬರೆದು ಸಹಿ ಹಾಕಬೇಕು. ಕನಿಷ್ಠ 5 ರೂಪಾಯಿ ಅಂತ ಚೀಟಿಯಲ್ಲೇ ಅಚ್ಚು ಹಾಕಿಸಿದ್ದೆವು. ಮಗು ಎಷ್ಟು ಸುತ್ತು ಓಡುತ್ತದೋ ಅಷ್ಟು ಪಟ್ಟು ದುಡ್ಡು. ಅತಿ ಹೆಚ್ಚು ಹಣ ತಂದ ಮಗುವಿಗೆ ಒಂದು ಕಪ್. ದೊಡ್ಡ ದೊಡ್ಡ ಖಾಸಗಿ ಶಾಲೆಗಳಲ್ಲಿ ಹೀಗೆ ಮಾಡುತ್ತಾರೆ ಅಂತ ಕೇಳಿದ್ದೆ. ಲೆಕ್ಕವೂ ಸುಲಭ, ಮಕ್ಕಳಿಗೂ ಹುರುಪು ಬರುತ್ತದೆ ಅಂತ ನಂಬಿದ್ದೆ.

2023ರ ಫೆಬ್ರವರಿಯ ಒಂದು ಶನಿವಾರ ಓಟ ನಡೆಯಿತು. 53 ಮಕ್ಕಳು ಬಂದಿದ್ದರು. ಅತಿಥಿಗಳು ತಡವಾಗಿ ಬಂದರು, ಭಾಷಣ ಉದ್ದವಾಯಿತು, ಶುರುವಾಗುವಾಗ ಹತ್ತು ಗಂಟೆ. ಬಿಸಿಲು ಏರಿತ್ತು. ಇಬ್ಬರು ಮಕ್ಕಳಿಗೆ ತಲೆ ಸುತ್ತಿತು. ವಿಚಾರಿಸಿದರೆ ಇಬ್ಬರೂ ಬೆಳಿಗ್ಗೆ ಏನೂ ತಿಂದಿರಲಿಲ್ಲ. ನಾಲ್ಕನೇ ತರಗತಿಯ ಒಬ್ಬ ಹುಡುಗನಿಗೆ ವೀಸಿಂಗ್, ಅಂದರೆ ಉಬ್ಬಸ, ಇದೆ. ಅಜ್ಜ ಚೀಟಿಯಲ್ಲಿ ಬರೆದಿದ್ದಾರೆ ಅಂತ ಅವನೂ ಓಡಿದ. ಮೂರನೇ ಸುತ್ತಿಗೆ ಉಸಿರು ಕಟ್ಟಿ ಕೂತ. ಅವನು ಉಸಿರಿಗೆ ಎಳೆದುಕೊಳ್ಳುವ ಔಷಧಿಯ ಪಂಪು ಮನೆಯಲ್ಲಿತ್ತು. ಪುಣ್ಯಕ್ಕೆ ಸುಧಾರಿಸಿಕೊಂಡ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇವೆಲ್ಲ ಎದುರಿಗೇ ಕಂಡ ತಪ್ಪುಗಳು. ಮರುಸಲ ತಿದ್ದಿಕೊಳ್ಳಬಹುದು. ಅವತ್ತು ಕಾಣದೇ ಹೋದದ್ದು ಬೇರೆ.

ಆರನೇ ತರಗತಿಯ ಒಬ್ಬಳು ಹುಡುಗಿ. ನಮ್ಮ ಶಾಲೆಯಲ್ಲಿ ಅವಳಷ್ಟು ಚೆನ್ನಾಗಿ ಓಡುವವರು ಯಾರೂ ಇಲ್ಲ. ಕ್ರೀಡಾಕೂಟದಲ್ಲಿ 600 ಮೀಟರ್ ಓಟಕ್ಕೆ ತಾಲೂಕು ಮಟ್ಟಕ್ಕೆ ಹೋಗಿ ಬಂದವಳು. ಬರಿಗಾಲಲ್ಲೇ ಓಡುತ್ತಾಳೆ. ನಮ್ಮ ಮೈದಾನದಲ್ಲಿ ಜಂಬಿಟ್ಟಿಗೆಯ ಸಣ್ಣ ಸಣ್ಣ ಹರಳು, ಅವಳಿಗೆ ಅದು ಲೆಕ್ಕಕ್ಕೇ ಇಲ್ಲ. ಒಂದು ಗಂಟೆಯಲ್ಲಿ 40 ಸುತ್ತಾದರೂ ಹಾಕುತ್ತಾಳೆ ಅಂತ ನಾವು ಶಿಕ್ಷಕರೇ ಮಾತಾಡಿಕೊಂಡಿದ್ದೆವು.

ಹತ್ತು ಸುತ್ತು ಸಲೀಸಾಗಿ ಓಡಿದಳು. ಆಮೇಲೆ ಗೆರೆಯ ಹೊರಗೆ ಬಂದು ಹಲಸಿನ ಮರದ ಬುಡದಲ್ಲಿ ಕೂತುಬಿಟ್ಟಳು. ಮುಖದಲ್ಲಿ ಸುಸ್ತಿಲ್ಲ. ನಾನು ಹೋಗಿ, "ಏನಾಯ್ತೇ? ಏಳು, ಇನ್ನೂ ಟೈಮಿದೆ" ಅಂದೆ. ತಲೆ ಅಲ್ಲಾಡಿಸಿದಳು. "ಹೊಟ್ಟೆ ನೋವಾ?" ಅಂತ ಕೇಳಿದೆ. ಹೂಂ ಅಂದಳು. ನಂಬಿದೆ. ಸ್ವಲ್ಪ ಬೇಜಾರೂ ಆಯಿತು. "ಇಷ್ಟು ಚೆನ್ನಾಗಿ ಓಡೋಳು ನೀನೇ ಹಿಂಗೆ ಕೂತರೆ ಹೆಂಗೆ?" ಅಂತ ಎಲ್ಲರೆದುರೇ ಅಂದುಬಿಟ್ಟೆ. ಉಳಿದ ಮುಕ್ಕಾಲು ಗಂಟೆ ಅವಳು ಮಂಡಿಗೆ ಗಲ್ಲ ಊರಿಕೊಂಡು ಬೇರೆಯವರ ಓಟ ನೋಡುತ್ತ ಕೂತಿದ್ದಳು.

ಕಪ್ ಸಿಕ್ಕಿದ್ದು ಐದನೇ ತರಗತಿಯ ಒಬ್ಬ ಹುಡುಗನಿಗೆ. ಅವನ ಚಿಕ್ಕಪ್ಪಂದಿರು ಬೆಂಗಳೂರಿನಲ್ಲಿದ್ದಾರೆ. ಅವನ ಚೀಟಿಯಲ್ಲಿ ಎಲ್ಲರದ್ದೂ ಸೇರಿ ಸುತ್ತಿಗೆ 610 ರೂಪಾಯಿ. 14 ಸುತ್ತು ಓಡಿದ, 8,540 ರೂಪಾಯಿ ಆಯಿತು. ಒಳ್ಳೆಯ ಹುಡುಗ, ಅವನದೇನೂ ತಪ್ಪಿಲ್ಲ. ಕಪ್ ತೆಗೆದುಕೊಂಡು ಕೆಳಗಿಳಿದವನು ನೇರ ನನ್ನ ಹತ್ತಿರ ಬಂದು, "ಮಿಸ್, ನನಗಿಂತ ಜಾಸ್ತಿ ಓಡಿದವರು ಇದ್ದಾರಲ್ಲ?" ಅಂದ. ನಾನು ಅವನ ಬೆನ್ನು ತಟ್ಟಿ ಕಳಿಸಿದೆ. ಆ ಪ್ರಶ್ನೆಗೆ ಅಲ್ಲೇ ನಿಂತು ಉತ್ತರ ಹುಡುಕಬೇಕಿತ್ತು.

ಅಮ್ಮ ಎತ್ತಿಟ್ಟ ಇನ್ನೂರು

ಮೂರು ವಾರ ಕಳೆದ ಮೇಲೆ ಆ ಹುಡುಗಿಯ ಅಮ್ಮ ಶಾಲೆಗೆ ಬಂದರು. ಕೆಲಸದ ದಾರಿಯಲ್ಲೇ ಬಂದಿದ್ದರು, ಕೈಯಲ್ಲಿ ಬುತ್ತಿ ಚೀಲ. ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದರು. ಹಸಿರು ರಿಜಿಸ್ಟರ್ ನೋಡಿ, "ಐವತ್ತು ರೂಪಾಯಿ ಅಮ್ಮ" ಅಂದೆ.

"ಐವತ್ತೇ? ಎಷ್ಟು ಓಡಿದ್ಲು?"

"ಹತ್ತು ಸುತ್ತು. ಹೊಟ್ಟೆ ನೋವು ಅಂದ್ಲು."

ಅವರು ಒಂದು ಗಳಿಗೆ ಸುಮ್ಮನಾದರು. "ಹತ್ತೇ ಹೆಂಗೆ ಮೇಡಂ? ಮನೆಯಿಂದ ಇಲ್ಲಿಗೆ ದಿನಾ ಓಡ್ಕೊಂಡೇ ಬರೋಳು ಅವಳು. ನಾನು ಇನ್ನೂರು ಎತ್ತಿಟ್ಟಿದ್ದೆ."

ಅವರ ಅಂಗೈಯಲ್ಲಿ ನಿಜವಾಗಿಯೂ ಇನ್ನೂರು ರೂಪಾಯಿ ಇತ್ತು. ಎಲ್ಲ ಹತ್ತು, ಇಪ್ಪತ್ತರ ನೋಟು.

ಮಧ್ಯಾಹ್ನ ಊಟದ ನಂತರ ಹುಡುಗಿಯನ್ನು ಒಬ್ಬಳನ್ನೇ ಕರೆದು ಕೂರಿಸಿಕೊಂಡೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನೆಲ ನೋಡುತ್ತ ಹೇಳಿದಳು: "ಒಂದು ಸುತ್ತಿಗೆ ಐದು ರೂಪಾಯಿ ಅಲ್ವಾ ಮಿಸ್. ಓಡಿದಷ್ಟೂ ಅಮ್ಮಂಗೆ ಜಾಸ್ತಿ ಆಗುತ್ತೆ. ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿತಾಳೆ."

ಮಲೆನಾಡಿನಲ್ಲಿ ಅಡಿಕೆ ಸುಲಿಯುವುದು ಅಂದರೆ ಏನು ಅಂತ ನನಗೆ ಗೊತ್ತು. ಮೆಟ್ಟುಗತ್ತಿಯ ಮುಂದೆ ಕೂತರೆ ಸೊಂಟ ಹಿಡಿಯುವವರೆಗೆ ಏಳುವ ಹಾಗಿಲ್ಲ. ಸುಲಿದಷ್ಟಕ್ಕೆ ಕೂಲಿ. ಕೊನೆಕೊಯ್ಲಿನ ತಿಂಗಳುಗಳಲ್ಲಿ ಹಗಲು ಒಂದು ಕೆಲಸ, ರಾತ್ರಿ ಇದು. ಬೆರಳ ತುದಿಯ ಕಪ್ಪು ವಾರಗಟ್ಟಲೆ ಹೋಗುವುದಿಲ್ಲ. ಅವಳ ಅಮ್ಮನ ದುಡಿಮೆಗೆ ಸುಲಿದಷ್ಟು ಕೂಲಿ ಇತ್ತು. ನಾವು ಮಗಳ ಓಟಕ್ಕೂ ಅದೇ ಲೆಕ್ಕ ಹಾಕಿದ್ದೆವು, ಒಂದು ವ್ಯತ್ಯಾಸದೊಂದಿಗೆ. ಮಗಳು ಜಾಸ್ತಿ ಓಡಿದರೆ ಅಮ್ಮ ತೆರಬೇಕು.

ಮೈದಾನದಲ್ಲಿ ಅವಳನ್ನು ಗದರಿದ್ದೆನಲ್ಲ, ಅದು ನೆನಪಾಗಿ ನನಗೆ ಅವಳ ಮುಖ ನೋಡಲು ಆಗಲಿಲ್ಲ. ಕ್ಷಮಿಸು ಅಂದೆ. ಯಾಕೆ ಕೇಳುತ್ತಿದ್ದೇನೆ ಅಂತ ಅವಳಿಗೆ ಅರ್ಥವಾಗಲಿಲ್ಲ ಅನಿಸುತ್ತದೆ.

ರಿಜಿಸ್ಟರ್ ಹೇಳಿದ್ದು

ಅವತ್ತು ಸಂಜೆ ಚೀಟಿಗಳನ್ನೂ ಸುತ್ತು ಬರೆದ ರಿಜಿಸ್ಟರನ್ನೂ ಹರಡಿಕೊಂಡು ಕೂತೆ. ಒಬ್ಬಳದ್ದೇ ಕಥೆಯಾ, ಬೇರೆಯವರದ್ದೂ ಇದೆಯಾ ಅಂತ ನೋಡಬೇಕಿತ್ತು.

53 ಚೀಟಿಗಳಲ್ಲಿ 19ರಲ್ಲಿ ಅಪ್ಪ ಅಥವಾ ಅಮ್ಮನ ಸಹಿ ಬಿಟ್ಟರೆ ಬೇರೆ ಹೆಸರೇ ಇರಲಿಲ್ಲ. ಎಲ್ಲವೂ ಕನಿಷ್ಠ 5 ರೂಪಾಯಿಯವು. ಆ 19 ಮಕ್ಕಳಲ್ಲಿ 11 ಮಂದಿ ಸರಿಯಾಗಿ ಹತ್ತನೇ ಸುತ್ತಿಗೆ ನಿಂತಿದ್ದರು. ಒಂಬತ್ತಲ್ಲ, ಹನ್ನೊಂದಲ್ಲ. ಹತ್ತು ಅಂದರೆ ಐವತ್ತು ರೂಪಾಯಿ. ನಾಲ್ಕೈದು ಹೆಸರಿದ್ದ ಚೀಟಿಗಳ ಮಕ್ಕಳು 13, 17, 22, 26 ಹೀಗೆ ಎಲ್ಲೆಲ್ಲೋ ನಿಂತಿದ್ದರು, ಕಾಲು ಸೋತಲ್ಲಿ. ಈ 11 ಮಕ್ಕಳು ಲೆಕ್ಕ ಮುಗಿದಲ್ಲಿ ನಿಂತಿದ್ದರು. ಮೂರನೇ ತರಗತಿಯ ಮಗುವೂ ಅದರಲ್ಲಿತ್ತು. ಐದರ ಮಗ್ಗಿ ಕಲಿಸಿದವರು ನಾವೇ.

ಹಣದ ಕಡೆಯ ಲೆಕ್ಕವೂ ಚೆನ್ನಾಗಿರಲಿಲ್ಲ. ಬರೆಸಿದ್ದು 27,350 ರೂಪಾಯಿ. ಏಪ್ರಿಲ್ ಹೊತ್ತಿಗೆ ಬಂದದ್ದು 21,800. ಬಾಕಿ ಕೇಳಲು ಮಕ್ಕಳೇ ಮನೆ ಮನೆಗೆ, ಅಂಗಡಿಗೆ ಹೋಗಬೇಕಾಗಿತ್ತು. "ನಾಳೆ ಬಾ" ಅಂತ ಕೇಳಿಸಿಕೊಂಡು ಬಂದ ಮಕ್ಕಳು ಎಷ್ಟು ಮಂದಿಯೋ. ಬರೆಸಿದ ಮೊತ್ತದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಒಬ್ಬನೇ ಹುಡುಗನ ಚೀಟಿಯದು. ಹಾಗಾದರೆ ಉಳಿದ ಮಕ್ಕಳನ್ನು ಬಿಸಿಲಲ್ಲಿ ಯಾಕೆ ಓಡಿಸಿದೆವು? ಅವನ ಚಿಕ್ಕಪ್ಪಂದಿರಿಗೆ ಒಂದು ಪತ್ರ ಬರೆದಿದ್ದರೂ ಆ ದುಡ್ಡು ಬರುತ್ತಿತ್ತು.

ಬೀರು ಬಂದವು, ಪುಸ್ತಕ ಬಂದವು. ಊರಲ್ಲಿ ಎಲ್ಲರೂ ಹೊಗಳಿದರು. ಪ್ರತಿ ಸಲ ಬೀರಿನ ಬಾಗಿಲು ತೆಗೆಯುವಾಗ ನನಗೆ ಆ ಹಲಸಿನ ಮರದ ಬುಡ ನೆನಪಾಗುತ್ತಿತ್ತು.

ಮಳೆಗಾಲದಲ್ಲಿ ಟೆರ್ರಿ ಫಾಕ್ಸ್ ಕಥೆಯನ್ನು ಮತ್ತೆ ಓದಿದೆ. ಆಗ ಕಣ್ಣಿಗೆ ಬಿತ್ತು. ಅವನು ಕಿಲೋಮೀಟರಿಗೆ ಇಷ್ಟು ಕೊಡಿ ಅಂತ ಜನರನ್ನು ಕೇಳಿರಲಿಲ್ಲ. ದೇಶದಲ್ಲಿ ಆಗ ಸುಮಾರು 2.4 ಕೋಟಿ ಜನ. ತಲೆಗೆ ಒಂದು ಡಾಲರ್ ಕೊಡಿ ಅಂದಿದ್ದ. ಬಡವನಿಗೂ ಒಂದು, ಶ್ರೀಮಂತನಿಗೂ ಒಂದು. 1981ರ ಫೆಬ್ರವರಿಯಲ್ಲಿ ಆ ನಿಧಿ 2.41 ಕೋಟಿ ಡಾಲರ್ ದಾಟಿತು, ಅವನು ಬದುಕಿರುವಾಗಲೇ. ಅವನ ಹೆಸರಿನ ಓಟದಲ್ಲಿ ಸ್ಪರ್ಧೆ ಇಲ್ಲ, ಗೆದ್ದವರು ಸೋತವರು ಇಲ್ಲ. ಓಡಬಹುದು, ನಡೆಯಬಹುದು. ನಾನು ಮಕ್ಕಳಿಗೆ ಅವನ ಕೃತಕ ಕಾಲಿನ ಬಗ್ಗೆ, ನೋವಿನ ಬಗ್ಗೆ ಹೇಳಿದ್ದೆ. ಈ ಒಂದು ಡಾಲರಿನ ಬಗ್ಗೆ ಹೇಳಿರಲೇ ಇಲ್ಲ.

ಎರಡನೇ ಸಲ

ಮರುವರ್ಷ ಓಟವೇ ಬೇಡ ಅಂತ ನಾನು ಸಭೆಯಲ್ಲಿ ಹೇಳಿದೆ. ನಡೆದದ್ದನ್ನೂ ಹೇಳಿದೆ, ಹುಡುಗಿ ಯಾರು ಅಂತ ಹೇಳದೆ. ಬೇಕು ಅಂದವರು ಮಕ್ಕಳು. ಶಾಲಾ ಸಂಸತ್ತಿನ ಮಂತ್ರಿಗಳು ಬಂದು ಈ ವರ್ಷ ಓಟ ಯಾವಾಗ ಅಂತ ಕೇಳಿದರು. ಓಡುವುದು ಅವರಿಗೆ ಇಷ್ಟ, ಅದರಲ್ಲಿ ಅನುಮಾನವೇ ಇರಲಿಲ್ಲ. ಕೆಡಿಸಿದ್ದು ಚೀಟಿ.

ಹಾಗಾಗಿ ಚೀಟಿ ತೆಗೆದೆವು. ಮಗುವಿನ ಸುತ್ತಿಗೂ ಮನೆಯವರ ದುಡ್ಡಿಗೂ ಇದ್ದ ದಾರವನ್ನು ಪೂರ್ತಿ ಕತ್ತರಿಸಿದೆವು. ಊರಿನ ಪ್ರತಿ ಮನೆಗೂ ಒಂದೇ ಮಾತು: ಮನೆಗೆ 20 ರೂಪಾಯಿ. ಅದಕ್ಕಿಂತ ಜಾಸ್ತಿ ಕೊಡುವ ಮನಸ್ಸಿದ್ದವರು ಮುಚ್ಚಿದ ಡಬ್ಬಿಗೆ ಹಾಕಬಹುದು. ಹೆಸರು ಬರೆಯುವುದಿಲ್ಲ, ಮೈಕಿನಲ್ಲಿ ಕೂಗುವುದಿಲ್ಲ. ಕೊಡಲು ಆಗದವರನ್ನು ಎರಡನೇ ಸಲ ಕೇಳುವುದಿಲ್ಲ. ಮನೆಗಳಿಗೆ ಹೋಗುವುದು ಎಸ್‌ಡಿಎಂಸಿ ಸದಸ್ಯರು, ಮಕ್ಕಳಲ್ಲ. ದುಡ್ಡು ಎಸ್‌ಡಿಎಂಸಿ ಖಾತೆಗೆ, ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಸಹಿ. ಇದು ಮೊದಲ ವರ್ಷವೂ ಹಾಗೇ ಇತ್ತು. ಲೆಕ್ಕವನ್ನು ಸೂಚನಾ ಫಲಕಕ್ಕೆ ಅಂಟಿಸಿದ್ದು ಮಾತ್ರ ಈ ಸಲ.

ಇನ್ನು ಓಟ. ಮಕ್ಕಳಿಗೆ ಗುರಿ ಬೇಕಲ್ವಾ? ಒಬ್ಬೊಬ್ಬರದ್ದಲ್ಲದ, ಎಲ್ಲರದ್ದೂ ಆದ ಗುರಿ. ಇದನ್ನು ಹುಡುಕಿಕೊಟ್ಟದ್ದು ಏಳನೇ ತರಗತಿಯ ಸಮಾಜ ಪಾಠ. ನಮ್ಮ ತುಂಗೆ ಗಂಗಾಮೂಲದಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಭದ್ರೆಯನ್ನು ಸೇರುವವರೆಗೆ 147 ಕಿಲೋಮೀಟರ್ ಹರಿಯುತ್ತಾಳೆ. ನಮ್ಮ ಸುತ್ತು 150 ಮೀಟರ್. ಭಾಗಿಸಿ ನೋಡಿದರೆ 980 ಸುತ್ತು, ಶೇಷವೇ ಇಲ್ಲ. ಮಕ್ಕಳು ಕುಣಿದುಬಿಟ್ಟರು. ಎಲ್ಲರೂ ಸೇರಿ ತುಂಗೆಯಷ್ಟು ಉದ್ದ ಓಡುವುದು ಅಂತ ತೀರ್ಮಾನ ಆಯಿತು. ಗೋಡೆಗೆ ಉದ್ದದ ಚಾರ್ಟ್ ಅಂಟಿಸಿ ನೀಲಿ ಗೆರೆ ಎಳೆದರು. ಗಂಗಾಮೂಲ, ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು, ಶಿವಮೊಗ್ಗ, ಕೂಡ್ಲಿ. ಮಂಡಗದ್ದೆಯ ಹತ್ತಿರ ಒಬ್ಬಳು ಬೆಳ್ಳಕ್ಕಿ ಬರೆದಳು.

ಸುತ್ತು ಎಣಿಸುವುದಕ್ಕೆ ಹೋದ ವರ್ಷ ಪಟ್ಟ ಪಾಡು ನೆನಪಿತ್ತು. ಪ್ರತಿ ಮಗುವಿನ ಹೆಸರಿನ ಮುಂದೆ ಗೀಟು ಎಳೆಯುತ್ತ ಎಷ್ಟೋ ತಪ್ಪಿ ಹೋಗಿದ್ದವು. ಈ ಸಲ ಒಬ್ಬೊಬ್ಬರ ಲೆಕ್ಕವೇ ಬೇಡ. ಒಂದು ಹೆಡಿಗೆ ತುಂಬ ಗೋಟು ಅಡಿಕೆ ಇಟ್ಟೆವು. ಗೆರೆ ದಾಟುವಾಗ ಕೈಗೊಂದು ಅಡಿಕೆ, ಮುಂದೆ ನಾಲ್ಕು ಹೆಜ್ಜೆಗೆ ಇನ್ನೊಂದು ಖಾಲಿ ಹೆಡಿಗೆ, ಅದರೊಳಗೆ ಹಾಕಿ ಓಡುವುದು. ಯಾರು ಎಷ್ಟು ಹಾಕಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಹೆಡಿಗೆ ಖಾಲಿಯಾಗುತ್ತ ಇನ್ನೊಂದು ತುಂಬುವುದು ಎಲ್ಲರಿಗೂ ಕಾಣುತ್ತದೆ. ಅಡಿಕೆ ಕೈಗೆ ಕೊಡುವ ಕೆಲಸ ವೀಸಿಂಗ್ ಇರುವ ಆ ಹುಡುಗನಿಗೆ. ಪಂಪು ಅವನ ಜೇಬಲ್ಲೇ. ಅವನಿಗೆ ಅವತ್ತು ಒಂದು ಕ್ಷಣ ಬಿಡುವಿರಲಿಲ್ಲ.

ನವೆಂಬರ್ ಕೊನೆಯ ಶನಿವಾರ ಇಟ್ಟುಕೊಂಡೆವು. ಮಳೆ ನಿಂತು ಮೈದಾನ ಗಟ್ಟಿಯಾಗಿತ್ತು, ಇಂಬಳದ ಕಾಟ ಮುಗಿದಿತ್ತು, ಬಿಸಿಲು ಇನ್ನೂ ಎಳೆಯದು. ಏಳು ಗಂಟೆಗೇ ಮಕ್ಕಳು ಬಂದರು. ಬಿಸಿಯೂಟದ ಅಕ್ಕಂದಿರು ಅವಲಕ್ಕಿ ಕಲಸಿ, ಬಾಳೆಹಣ್ಣು ಕೊಟ್ಟರು. ಒಂದು ಗಂಟೆ ಬಿಟ್ಟು ಓಟ. ಒಂದರಿಂದ ಮೂರನೇ ತರಗತಿಗೆ ಇಪ್ಪತ್ತು ನಿಮಿಷ, ದೊಡ್ಡವರಿಗೆ ಒಂದೂಕಾಲು ಗಂಟೆ. ಸುಸ್ತಾದರೆ ನಡೆಯಿರಿ ಅಂತ ಹತ್ತು ಸಲ ಹೇಳಿದ್ದೆ. ಮಧ್ಯೆ ನೀರು, ಕೊನೆಗೆ ಉಪ್ಪು ಹಾಕಿದ ಮಜ್ಜಿಗೆ, ಮುರುಗಲ ಹಣ್ಣಿನ ಪಾನಕ. ಭಾಷಣ ಎಲ್ಲ ಮುಗಿದ ಮೇಲೆ, ಅದೂ ಐದೇ ನಿಮಿಷ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಬ್ಬರು ಸಿಸ್ಟರ್ ಬಂದು ಕೂತಿದ್ದರು. ಈ ಸಲ ಯಾರಿಗೂ ತಲೆ ಸುತ್ತಲಿಲ್ಲ.

ಆ ಹುಡುಗಿ ಈಗ ಏಳನೇ ತರಗತಿ. ಎಣಿಸುವ ಹಾಗಿಲ್ಲ ಅಂತ ನಿಯಮ ಮಾಡಿದವಳು ನಾನೇ, ಆದರೆ ಕಣ್ಣು ಅವಳ ಮೇಲೇ ಇತ್ತು. ಹತ್ತನೇ ಸುತ್ತು ಬಂತು. ಅಡಿಕೆ ತೆಗೆದುಕೊಂಡಳು, ಹೆಡಿಗೆಗೆ ಹಾಕಿದಳು, ಹಲಸಿನ ಮರ ದಾಟಿ ಹೋದಳು. ಆಮೇಲೆ ಎಣಿಸುವುದನ್ನು ಬಿಟ್ಟೆ. ಸಣ್ಣ ತರಗತಿಯ ಮಕ್ಕಳು ನಡೆಯತೊಡಗಿದಾಗ ಅವರ ಕೈ ಹಿಡಿದುಕೊಂಡು ಒಂದೆರಡು ಸುತ್ತು ನಿಧಾನಕ್ಕೆ ಬಂದಳು. ಮತ್ತೆ ಬಿಟ್ಟು ಓಡಿದಳು. ಸಮಯ ಮುಗಿದು ಸೀಟಿ ಊದಿದಾಗ ಇನ್ನೂ ಓಡುತ್ತಲೇ ಇದ್ದಳು.

ದುಡ್ಡಿನ ಮಾತು

ಈ ಸಲ ಒಟ್ಟು ಬಂದದ್ದು 16,240 ರೂಪಾಯಿ. 209 ಮನೆಗಳಿಂದ 4,180, ಡಬ್ಬಿಯಲ್ಲಿ 7,560, ಹಳೆಯ ವಿದ್ಯಾರ್ಥಿಗಳಿಂದ 4,500. ಹೋದ ವರ್ಷಕ್ಕಿಂತ 5,560 ರೂಪಾಯಿ ಕಡಿಮೆ.

ಇದನ್ನು ಮುಚ್ಚಿಟ್ಟು ಬರೆದರೆ ಬೇರೆ ಶಾಲೆಯವರಿಗೆ ಉಪಯೋಗವಾಗುವುದಿಲ್ಲ. ಸಭೆಯಲ್ಲಿ ಅಧ್ಯಕ್ಷರು ಕೇಳಿದರು: "ಮೇಡಂ, ಮಕ್ಕಳಿಗೆ ನೋವಾಗಬಾರದು, ಸರಿ. ಆದರೆ ಪುಸ್ತಕ ಕಡಿಮೆ ಬಂದರೆ ಅದೂ ಅದೇ ಮಕ್ಕಳಿಗೇ ಅಲ್ವಾ ನಷ್ಟ?" ನ್ಯಾಯವಾದ ಪ್ರಶ್ನೆ. ಅವರೂ ಸ್ವಂತ ಕೈಯಿಂದ ಹಾಕುವವರೇ. ಹೆಸರು ಕೂಗಿದರೆ, ಕಪ್ ಇಟ್ಟರೆ ಕೆಲವರು ಜಾಸ್ತಿ ಕೊಡುತ್ತಾರೆ, ಅದು ಸುಳ್ಳಲ್ಲ. ನನ್ನ ಉತ್ತರ ಇಷ್ಟೇ ಇತ್ತು. ಜಾಸ್ತಿ ಕೊಡಬಲ್ಲವರನ್ನು ದೊಡ್ಡವರು ಹೋಗಿ ಕೇಳೋಣ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡೋಣ. ಅದಕ್ಕೆ ಮಕ್ಕಳ ಕಾಲು ಬೇಡ. ಇದು ಎಲ್ಲರಿಗೂ ಒಪ್ಪಿಗೆಯಾಯಿತು ಅಂತ ಹೇಳಲಾರೆ. ಇಬ್ಬರು ಸದಸ್ಯರು ಇವತ್ತಿಗೂ ಹಳೆಯ ಚೀಟಿಯೇ ವಾಸಿ ಅನ್ನುತ್ತಾರೆ.

ನಾನು ನೋಡಿದ ಇನ್ನೊಂದು ಲೆಕ್ಕ ಇದೆ. ಮೊದಲ ವರ್ಷ 20 ರೂಪಾಯಿಯನ್ನೂ ಕೊಡದಿದ್ದ ಎಷ್ಟೋ ಮನೆಗಳು ಈ ಸಲ ಕೊಟ್ಟವು. ಆಗ ಯಾರೂ ಅವರ ಬಾಗಿಲಿಗೆ ಹೋಗಿರಲಿಲ್ಲ, ಅಷ್ಟೇ. ನೆಂಟರಿಲ್ಲದ, ಅಂಗಡಿಯವರ ಪರಿಚಯವಿಲ್ಲದ ಮನೆಗಳು ಅವು. ಆ ಹುಡುಗಿಯ ಅಮ್ಮ 20 ರೂಪಾಯಿ ಕೊಟ್ಟು ರಸೀದಿ ತೆಗೆದುಕೊಂಡರು. ಆಮೇಲೆ ಓಟದ ದಿನ ಡಬ್ಬಿಯ ಹತ್ತಿರ ನಿಂತಿದ್ದನ್ನೂ ನೋಡಿದೆ. ಎಷ್ಟು ಹಾಕಿದರೋ ಗೊತ್ತಿಲ್ಲ. ಗೊತ್ತಾಗಬಾರದು ಅಂತಲೇ ಅಲ್ವಾ ಡಬ್ಬಿ ಮುಚ್ಚಿದ್ದು.

ಆ ದುಡ್ಡಿನಲ್ಲಿ ಚಿಕ್ಕ ಮಕ್ಕಳಿಗೆ ದಪ್ಪ ಅಕ್ಷರದ ಚಿತ್ರ ಪುಸ್ತಕಗಳು ಬಂದವು. ಎರಡೂ ಬೀರಿನೊಳಗೆ ವೈರ್ ಎಳೆಸಿ ಒಂದೊಂದು ಹಳೇ ನಮೂನೆಯ ಬಲ್ಬ್ ಹಾಕಿಸಿದೆವು, ಬಿಸಿಯಾಗುವಂಥದ್ದು. ಮಳೆಗಾಲದಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಹಚ್ಚಿದರೆ ಒಳಗೆ ಶೀತ ನಿಲ್ಲುವುದಿಲ್ಲ. ಎಲ್ಇಡಿ ಹಾಕಿದರೆ ಬೆಳಕು ಬರುತ್ತದೆ, ಬಿಸಿ ಸಾಲದು. ಬಲ್ಬ್ ಪುಸ್ತಕಕ್ಕೆ ತಾಗದ ಹಾಗೆ ತಂತಿಯ ಗೂಡು ಬೇಕು, ಹಚ್ಚಿಟ್ಟು ಮರೆತು ಮನೆಗೆ ಹೋಗಬಾರದು. ಮಳೆ ಜಾಸ್ತಿ ಇರುವ ಕಡೆಯ ಶಾಲೆಗಳವರು ಇದನ್ನು ಮಾಡಿ ನೋಡಿ.

ಸೋಮವಾರ

ಒಂದು ವಿಷಯ ಬಾಕಿ ಉಳಿಯಿತು. ಓಟದ ದಿನ ಅಡಿಕೆ ಎಣಿಸಿದಾಗ ಬಂದದ್ದು 931. ಕೂಡ್ಲಿಗೆ 49 ಸುತ್ತು ಕಡಿಮೆ. ಚಾರ್ಟ್‌ನಲ್ಲಿ ಶಿವಮೊಗ್ಗ ದಾಟಿದ್ದೆವು, ಸಂಗಮ ಮುಟ್ಟಿರಲಿಲ್ಲ. ಮಕ್ಕಳ ಮುಖ ಬಾಡಿತು. ಇಷ್ಟು ಓಡಿದ್ದೇ ದೊಡ್ಡದು ಅಂತ ನಾವು ಸಮಾಧಾನ ಮಾಡಿ ಕಳಿಸಿದೆವು.

ಸೋಮವಾರ ನಾನು ಒಂಬತ್ತು ಗಂಟೆಗೆ ಹೋದರೆ ಮೈದಾನದಲ್ಲಿ ಆಗಲೇ ಮಕ್ಕಳು. ಸುಣ್ಣದ ಗೆರೆ ಅರ್ಧ ಅಳಿಸಿತ್ತು, ಕೋಲಿನಲ್ಲಿ ಗೀರಿಕೊಂಡಿದ್ದರು. ಹೆಡಿಗೆ ಹೊರಗೆ ಬಂದಿತ್ತು. ನಿಯಮ ಅವರೇ ಮಾಡಿಕೊಂಡಿದ್ದರು: ಒಬ್ಬರಿಗೆ ಒಂದೇ ಸುತ್ತು, ಎಲ್ಲರಿಗೂ ಸಿಗಬೇಕು. ಮೊದಲು ಒಂದನೇ ತರಗತಿಯವರು. ಈ ಸುತ್ತುಗಳಿಗೆ ಯಾರೂ ಯಾವ ದುಡ್ಡೂ ಕೊಡುವುದಿರಲಿಲ್ಲ. ಏಳನೇ ತರಗತಿಯ ಆ ಹುಡುಗಿ ಸಾಲಿನ ಕೊನೆಯಲ್ಲಿ ನಿಂತು, ಚಿಕ್ಕವರನ್ನು ಒಬ್ಬೊಬ್ಬರಾಗಿ ಬಿಡುತ್ತಿದ್ದಳು. ಪ್ರಾರ್ಥನೆಯ ಗಂಟೆಯನ್ನು ಹೆಡ್ ಮಾಸ್ಟ್ರು ಹತ್ತು ನಿಮಿಷ ತಡ ಮಾಡಿದರು.

ಅವತ್ತು ಬಂದಿದ್ದವರು 53 ಮಕ್ಕಳು. 49ಕ್ಕೆ ನಿಲ್ಲಿಸಿದರೆ ನಾಲ್ವರಿಗೆ ಇಲ್ಲ. ಹಾಗಾಗಿ ಆ ನಾಲ್ವರೂ ಓಡಿದರು, ಕೊನೆಗೆ ಅವಳು. ಕೂಡ್ಲಿ ದಾಟಿ 600 ಮೀಟರ್ ಆಯಿತು. "ಮಿಸ್, ಇನ್ನು ತುಂಗಭದ್ರಾ" ಅಂತ ಯಾರೋ ಕೂಗಿದರು. ಚಾರ್ಟ್ ಅಲ್ಲಿಗೆ ಮುಗಿದಿತ್ತು. ಮೂರನೇ ತರಗತಿಯ ಒಬ್ಬ ಹುಡುಗ ನೀಲಿ ಪೆನ್ಸಿಲ್ ತಗೊಂಡು ಗೋಡೆಯ ಮೇಲೇ ಮುಂದಕ್ಕೆ ಗೆರೆ ಎಳೆದ.